ಕೋಲಾರದ ಚಳಿಗಾಲ ಮತ್ತು ನಮ್ಮ ಮಂಕು ಮನಸ್ಸು

ಡಿಸೆಂಬರ್ ಬಂತೆಂದರೆ ನಮ್ಮ ತರಗತಿಯಲ್ಲಿ 'ಮೂಡ್ ಇಲ್ಲ' ಎನ್ನುವವರ ಸಂಖ್ಯೆ ಹೆಚ್ಚಾಗುತ್ತದೆ. ಉರ್ದು ಮನೆಮಾತಿನವರು ಇದಕ್ಕೆ 'ಸುಸ್ತಿ' ಎನ್ನುತ್ತೇವೆ. ಪೂರ್ವಸಿದ್ಧತಾ ಪರೀಕ್ಷೆ ಹತ್ತಿರ ಬಂದಿರುವಾಗಲೇ ಪುಸ್ತಕ ತೆರೆಯಲು ಮನಸ್ಸು ಬರುವುದಿಲ್ಲ, ಯಾರಾದರೂ ಮಾತನಾಡಿಸಿದರೆ ಸಿಟ್ಟು ಬರುತ್ತದೆ. ಇದಕ್ಕೆ ಚಳಿಯೇ ಕಾರಣವೇ? ಖರ್ಚಿಲ್ಲದೆ, ಪರಿಸರಕ್ಕೂ ಹಾನಿಯಾಗದಂತೆ ಏನು ಮಾಡಬಹುದು?

ಚಳಿಗಾಲದಲ್ಲಿ ಮಾತ್ರ ಬರುವ ಖಿನ್ನತೆಯನ್ನು 1984ರಲ್ಲಿ ಅಮೆರಿಕದ ಮನೋವೈದ್ಯ ನಾರ್ಮನ್ ರೋಸೆಂಥಾಲ್ ಮತ್ತು ಅವರ ಜೊತೆಗಾರರು ಮೊದಲ ಬಾರಿಗೆ ವಿವರವಾಗಿ ಬರೆದರು. ಉತ್ತರದ ದೇಶಗಳಲ್ಲಿ ಇದು ಹೆಚ್ಚು. ಲಂಡನ್ನಿನಲ್ಲಿ ಡಿಸೆಂಬರಿನ ಹಗಲು ಸುಮಾರು 8 ಗಂಟೆ ಮಾತ್ರ. ಆದರೆ ಕೋಲಾರ ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ವರ್ಷದ ಅತಿ ಚಿಕ್ಕ ಹಗಲೂ 11 ಗಂಟೆ 20 ನಿಮಿಷದಷ್ಟು ಇರುತ್ತದೆ. ಅತಿ ದೊಡ್ಡ ಹಗಲಿಗೂ ಇದಕ್ಕೂ ಒಂದೂವರೆ ಗಂಟೆಯಷ್ಟೇ ವ್ಯತ್ಯಾಸ. ಅಂದರೆ ಬಿಸಿಲಿನ ಪೂರೈಕೆ ಕಡಿಮೆಯಾಗಿಲ್ಲ, ನಾವು ಅದನ್ನು ಪಡೆಯುತ್ತಿಲ್ಲ. ವಾಣಿಜ್ಯ ವಿದ್ಯಾರ್ಥಿಯ ಭಾಷೆಯಲ್ಲಿ ಹೇಳಬೇಕೆಂದರೆ, ಸರಕು ಬಾಗಿಲಲ್ಲೇ ಇದೆ, ಗಿರಾಕಿ ರಜಾಯಿ ಹೊದ್ದು ಮಲಗಿದ್ದಾನೆ.

ನಮ್ಮ ದೇಹದೊಳಗೆ ಒಂದು ಗಡಿಯಾರವಿದೆ. ಕತ್ತಲಾದಾಗ ಮೆಲಟೋನಿನ್ ಎಂಬ ಹಾರ್ಮೋನು ಹೆಚ್ಚಿ ನಿದ್ರೆ ತರುತ್ತದೆ. ಬೆಳಗಿನ ಬೆಳಕು ಕಣ್ಣಿಗೆ ತಲುಪಿದಾಗ ಅದು ಇಳಿದು ಎಚ್ಚರ ಬರುತ್ತದೆ. ರಾತ್ರಿ ಒಂದು ಗಂಟೆಯವರೆಗೆ ಮೊಬೈಲ್ ನೋಡಿ, ಬೆಳಿಗ್ಗೆ ಎಂಟರವರೆಗೆ ಮುಸುಕು ಹಾಕಿದರೆ ಈ ಗಡಿಯಾರ ಹಿಂದೆ ಬೀಳುತ್ತದೆ. ಕಾಲೇಜಿನ ಮೊದಲ ಪೀರಿಯಡ್ಡಿನಲ್ಲಿ ನಮ್ಮ ದೇಹಕ್ಕೆ ಇನ್ನೂ ರಾತ್ರಿಯೇ. ವಿದೇಶಗಳಲ್ಲಿ ಇದಕ್ಕೆ 10,000 ಲಕ್ಸ್ ಬೆಳಕಿನ ವಿಶೇಷ ದೀಪವನ್ನು ಬೆಳಿಗ್ಗೆ ಅರ್ಧ ಗಂಟೆ ಎದುರಿಗಿಟ್ಟುಕೊಂಡು ಕೂರುತ್ತಾರೆ. ನಮ್ಮ ಕೋಣೆಯ ಟ್ಯೂಬ್‌ಲೈಟಿನಿಂದ ಸಿಗುವುದು ಕೆಲವು ನೂರು ಲಕ್ಸ್ ಮಾತ್ರ. ಮಂಜು ಕರಗಿದ ಮೇಲೆ ನಮ್ಮ ಮನೆಯ ಮೇಲೆ ಬೀಳುವ ಬಿಸಿಲು ಆ ದೀಪವನ್ನು ಸುಲಭವಾಗಿ ಮೀರಿಸುತ್ತದೆ, ಅದೂ ಪುಕ್ಕಟೆಯಾಗಿ.

ಹಾಗಾಗಿ ಮೊದಲನೆಯ ಮತ್ತು ನನ್ನ ಪ್ರಕಾರ ಅತಿ ಮುಖ್ಯವಾದ ಕೆಲಸ, ಬೆಳಗಿನ ಬೆಳಕಿಗೆ ಹೋಗುವುದು. ಫಜ್ರ್ ನಮಾಜಿಗೆ ಏಳುವವರಿಗೆ ಇದು ಅರ್ಧ ಆಗಿಹೋದ ಕೆಲಸ. ಚಳಿಗಾಲದಲ್ಲಿ ಫಜ್ರ್ ತಡವಾಗಿ ಬರುತ್ತದೆ, ಸೂರ್ಯೋದಯ ಸುಮಾರು 6.40ಕ್ಕೆ. ನಡುವಿನ ಒಂದು ಗಂಟೆಯಲ್ಲಿ ಮತ್ತೆ ಮಲಗದೆ ಪಾಠ ಓದಿ, ಬೆಳಕಾದ ಮೇಲೆ ಇಪ್ಪತ್ತು ನಿಮಿಷ ನಡೆದು ಬಂದರೆ ಸಾಕು. ಕೋಲಾರದವರಿಗೆ ಅಂತರಗಂಗೆಯ ಮೆಟ್ಟಿಲುಗಳಿವೆ, ಮುಳಬಾಗಿಲಿನವರಿಗೆ ಊರ ಪಕ್ಕದಲ್ಲೇ ಬೆಟ್ಟವಿದೆ. ಶ್ರೀನಿವಾಸಪುರದವರದು ಎಲ್ಲರಿಗಿಂತ ಅದೃಷ್ಟ, ಈ ದಿನಗಳಲ್ಲಿ ಮಾವಿನ ತೋಪುಗಳಲ್ಲಿ ಹೂ ಬಿಡಲು ಶುರುವಾಗಿ ದಾರಿಯೆಲ್ಲ ಪರಿಮಳ. ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರಿಂದ ಬರತೊಡಗಿದ ಮೇಲೆ ಒಣಗಿದ್ದ ಹಲವು ಕೆರೆಗಳು ತುಂಬಿವೆ, ಹಕ್ಕಿಗಳೂ ಬರುತ್ತವೆ. (ಆ ನೀರಿನ ಗುಣಮಟ್ಟದ ಚರ್ಚೆ ಬೇರೆ, ನಾನು ಹೇಳುತ್ತಿರುವುದು ಏರಿ ಮೇಲಿನ ನಡಿಗೆಯನ್ನಷ್ಟೇ.) ಬೆಳಿಗ್ಗೆ ಮಾಲೂರಿನಿಂದ ರೈಲು ಹಿಡಿಯುವವರು ಒಳಗೆ ಮೂಲೆ ಸೀಟಿಗಾಗಿ ಜಗಳವಾಡುವ ಬದಲು ಪ್ಲಾಟ್‌ಫಾರ್ಮಿನ ಬಿಸಿಲಿನ ಕಡೆ ನಿಂತರೂ ಆಯಿತು.

ಬೆಳಿಗ್ಗೆ ಒಬ್ಬರೇ ರಸ್ತೆಗೆ ಹೋಗಲು ಎಲ್ಲ ಹುಡುಗಿಯರಿಗೂ ಆಗುವುದಿಲ್ಲ. ಇದನ್ನು ಮರೆತು 'ವಾಕಿಂಗ್ ಮಾಡಿ' ಎಂದು ಬರೆದರೆ ಅರ್ಧ ಕಾಲೇಜಿಗೆ ಈ ಲೇಖನ ಉಪಯೋಗವಿಲ್ಲ. ಅವರಿಗೆ ತಾರಸಿ ಇದೆ. ಬಟ್ಟೆ ಒಣಗಿಸುವ ಕೆಲಸವನ್ನು ಅಮ್ಮಿಯಿಂದ ಕೇಳಿ ತೆಗೆದುಕೊಳ್ಳಿ, ರಜಾಯಿಗಳನ್ನೂ ಬಿಸಿಲಿಗೆ ಹಾಕಿ, ಅಲ್ಲೇ ಕುಳಿತು ಅಕೌಂಟೆನ್ಸಿಯ ಒಂದು ಲೆಕ್ಕ ಬಿಡಿಸಿ. ಇಲ್ಲೊಂದು ವ್ಯತ್ಯಾಸ ಗೊತ್ತಿರಬೇಕು. ದೇಹದ ಗಡಿಯಾರಕ್ಕೆ ಬೇಕಾದದ್ದು ಬೆಳಗಿನ ಬೆಳಕು. ಚರ್ಮ ವಿಟಮಿನ್ ಡಿ ತಯಾರಿಸಲು ಬೇಕಾದ ಕಿರಣಗಳು ಹೆಚ್ಚಾಗಿ ಸಿಗುವುದು ಮಧ್ಯಾಹ್ನದ ಆಸುಪಾಸಿನಲ್ಲಿ, ಮತ್ತು ಅವು ಕಿಟಕಿಯ ಗಾಜನ್ನು ದಾಟಿ ಬರುವುದಿಲ್ಲ. ಹೊರಗೆ ಮೈತುಂಬ ಬಟ್ಟೆ ಹಾಕುವವರು ರಜೆಯ ದಿನ ಮರೆಯಿರುವ ತಾರಸಿಯಲ್ಲಿ ಸ್ವಲ್ಪ ಹೊತ್ತು ಕೈ, ಮುಖಕ್ಕೆ ಬಿಸಿಲು ತಾಗಿಸಿಕೊಳ್ಳುವುದು ಒಳ್ಳೆಯದು.

ಎರಡನೆಯದು ಅವರೆಕಾಯಿ. ನಗಬೇಡಿ. ಡಿಸೆಂಬರ್, ಜನವರಿಯಲ್ಲಿ ನಮ್ಮ ಸಂತೆಗಳ ತುಂಬ ಸೊಗಡಿನ ಅವರೆಕಾಯಿ. ಸುಲಿದ ಕಾಳನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಒಂದೊಂದಾಗಿ ಹಿತಕಿ ಬೇಳೆ ಮಾಡಬೇಕು. ಒಬ್ಬರೇ ಮಾಡಿದರೆ ಮುಗಿಯುವುದೇ ಇಲ್ಲ, ಆದ್ದರಿಂದ ದಾದಿ, ಅಮ್ಮಿ, ಪಕ್ಕದ ಮನೆಯ ಆಂಟಿ ಎಲ್ಲರೂ ಒಂದು ಚಾಪೆಯ ಮೇಲೆ ಕೂರುತ್ತಾರೆ. ಕೈ ಒದ್ದೆಯಾಗಿರುವುದರಿಂದ ಮೊಬೈಲ್ ಮುಟ್ಟಲು ಆಗುವುದಿಲ್ಲ! ಮಾತು ತಾನಾಗಿ ಬರುತ್ತದೆ. ಮನಸ್ಸು ಕುಗ್ಗಿದವರಿಗೆ ಚಿಕ್ಕ ಚಿಕ್ಕ ಕೆಲಸಗಳನ್ನು ಗೊತ್ತುಮಾಡಿ ಕೊಡುವುದು ಮನಶ್ಶಾಸ್ತ್ರದಲ್ಲಿ ಒಂದು ಚಿಕಿತ್ಸಾ ವಿಧಾನವೇ ಆಗಿದೆ. ಮೂಡ್ ಬಂದ ಮೇಲೆ ಕೆಲಸ ಎಂದು ಕಾದರೆ ಎರಡೂ ಬರುವುದಿಲ್ಲ, ಕೆಲಸ ಶುರು ಮಾಡಿದರೆ ಮೂಡ್ ಹಿಂದೆ ಬರುತ್ತದೆ. ಸಿಪ್ಪೆ ಮೇಕೆಗೆ ಹೋಗುತ್ತದೆ, ಕಸವೂ ಇಲ್ಲ. ಸಂಕ್ರಾಂತಿಗೆ ಪಕ್ಕದ ಮನೆಯಿಂದ ಬರುವ ಎಳ್ಳುಬೆಲ್ಲದ ತಟ್ಟೆಯನ್ನು ಖಾಲಿ ಹಿಂದಿರುಗಿಸದೆ ಒಂದಿಷ್ಟು ಹಿತಕಿದ ಬೇಳೆ ಹಾಕಿ ಕೊಡಬಹುದು.

ಇನ್ನು ಬೆಚ್ಚಗಿರುವ ವಿಷಯ. 2,000 ವಾಟಿನ ರೂಮ್ ಹೀಟರ್ ಗಂಟೆಗೆ 2 ಯೂನಿಟ್ ತಿನ್ನುತ್ತದೆ. ದಿನಕ್ಕೆ ಎರಡು ಗಂಟೆಯಂತೆ ತಿಂಗಳಿಗೆ 120 ಯೂನಿಟ್. ಗೃಹಜ್ಯೋತಿಯ ಗರಿಷ್ಠ ಮಿತಿಯೇ 200 ಯೂನಿಟ್, ಅದನ್ನು ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಬಿಸಿಲಿಗೆ ಹಾಕಿದ ರಜಾಯಿ, ಕಾಲಿಗೆ ಸಾಕ್ಸ್, ಶುಂಠಿ ಹಾಕಿದ ಚಹಾ ಇದ್ದರೆ ನಮ್ಮ ಊರಿನ ಚಳಿಗೆ ಸಾಕು. ಬೀದಿಯಲ್ಲಿ ಟೈರು, ಪ್ಲಾಸ್ಟಿಕ್ ಸುಟ್ಟು ಚಳಿ ಕಾಯಿಸುವುದನ್ನು ಮಾತ್ರ ನಿಲ್ಲಿಸಲೇಬೇಕು. ಚಳಿಗಾಲದ ಬೆಳಿಗ್ಗೆ ನೆಲದ ಹತ್ತಿರದ ಗಾಳಿ ತಣ್ಣಗೆ, ಮೇಲಿನದು ಬೆಚ್ಚಗೆ ಇರುವುದರಿಂದ ಹೊಗೆ ಮೇಲೆ ಹೋಗದೆ ನಮ್ಮ ಮೂಗಿನ ಮಟ್ಟದಲ್ಲೇ ನಿಲ್ಲುತ್ತದೆ. ಬೆಳಗಿನ ನಡಿಗೆಯ ಲಾಭವನ್ನೆಲ್ಲ ಅದು ಕಸಿದುಕೊಳ್ಳುತ್ತದೆ.

ಅರ್ಥಶಾಸ್ತ್ರದಲ್ಲಿ 'ಅವಕಾಶ ವೆಚ್ಚ' ಓದಿದ್ದೇವೆ. ರಾತ್ರಿ ಹನ್ನೊಂದರ ನಂತರದ ಒಂದು ಗಂಟೆ ರೀಲ್ಸ್‌ಗೆ ಡೇಟಾ ದುಡ್ಡು ಕಡಿಮೆ ಇರಬಹುದು, ಆದರೆ ಅದಕ್ಕಾಗಿ ಬಿಟ್ಟುಕೊಟ್ಟದ್ದು ಮರುದಿನದ ಬೆಳಗು. ಪಟ್ಟಿ ಹಾಕಿ ನೋಡಿದರೆ ಇದೇ ಚಳಿಗಾಲದ ಅತಿ ದುಬಾರಿ ಖರ್ಚು.

ಕೊನೆಗೆ ಒಂದು ಗಂಭೀರ ವಿಷಯ. ಎರಡು ವಾರಕ್ಕಿಂತ ಹೆಚ್ಚು ಕಾಲ ದಿನವಿಡೀ ಬೇಸರ, ಊಟ ನಿದ್ರೆಯಲ್ಲಿ ಏರುಪೇರು, ಬದುಕೇ ಬೇಡ ಎನ್ನುವ ಯೋಚನೆ ಇದ್ದರೆ ಅದು ಚಳಿಯ ಸುಸ್ತಿ ಅಲ್ಲ, 'ಈಮಾನ್ ಕಡಿಮೆ' ಎಂಬುದೂ ಅಲ್ಲ. ಜ್ವರದಂತೆ ಅದಕ್ಕೂ ವೈದ್ಯರಿದ್ದಾರೆ. ಮನೆಯವರಿಗೆ ಅಥವಾ ನಂಬಿಕೆಯ ಉಪನ್ಯಾಸಕರಿಗೆ ಹೇಳಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.