ಗಿಳಿ ಓಡಿಸುವ ಹಾರನ್ನು: ಹೊಲಕ್ಕೆ ಒಯ್ಯುವ ಮುಂಚೆ ಪರೀಕ್ಷೆ ಮಾಡಿ

ನಮ್ಮದು ಚಳ್ಳಕೆರೆ ಸೀಮೆ, ಮಳೆ ನಂಬಿದ ಬೇಸಾಯ. ಎರಡು ಎಕರೆ ಸೂರ್ಯಕಾಂತಿ ಹಾಕಿದ್ದೆ. ಕಾಳು ಕಟ್ಟಿದಾಗಿನಿಂದ ಕೊಯ್ಲಿನವರೆಗೆ ಗಿಳಿ ಕಾಯುವುದೇ ದೊಡ್ಡ ಕೆಲಸ. ಬೆಳಿಗ್ಗೆ ಆರರಿಂದ ಒಂಬತ್ತು, ಸಂಜೆ ನಾಲ್ಕರ ಮೇಲೆ ಹಿಂಡು ಬರ್ತದೆ. ತಗಡಿನ ಡಬ್ಬ ಬಡಿದು ಬಡಿದು ನಮ್ಮನೆಯಾಕೆ ಕೈ ಸೋತಿತ್ತು.

ಡಿಪ್ಲೊಮಾ ಓದುವ ನನ್ನ ಅಕ್ಕನ ಮಗ ಒಂದು ರಾಸ್ಬೆರಿ ಪೈ ಬೋರ್ಡು ತಂದುಕೊಟ್ಟ. ಅಂಗೈಯಗಲದ ಕಂಪ್ಯೂಟರು ಅದು. ಮಕ್ಕಳು ಕಂಪ್ಯೂಟರ್ ಕಲೀಲಿ ಅಂತ ಇಂಗ್ಲೆಂಡಿನ ಕೇಂಬ್ರಿಜ್‌ನವರು 2012ರಲ್ಲಿ ಹೊರತಂದದ್ದಂತೆ. ಗಿಡುಗನ ಕೂಗು, ಗಿಳಿ ಸಿಕ್ಕಿಬಿದ್ದಾಗ ಕಿರುಚುವ ಸದ್ದು, ಪಟಾಕಿ ಸದ್ದು ಎಲ್ಲ ಅದರ ಮೆಮೊರಿ ಕಾರ್ಡಿಗೆ ತುಂಬಿದೆವು. ಹೊತ್ತಿಗೆ ಸರಿಯಾಗಿ ತಾನೇ ಕೂಗಲಿ ಅಂತ ಬರೆದುಕೊಟ್ಟ.

ಮನೆಯಲ್ಲಿ ಟಿ.ವಿ.ಗೆ ಸಿಕ್ಕಿಸಿ ನೋಡಿದೆವು. ಹಾರನ್ನು ಪಕ್ಕದಲ್ಲೇ ಇತ್ತು. ಗಿಡುಗ ಕೂಗಿತು. ಖುಷಿಯಾಯ್ತು! ಮರುದಿನ ಮಧ್ಯಾಹ್ನ ಹೊಲದಲ್ಲಿ ಕಂಬಕ್ಕೆ ಕಟ್ಟಿ, ದೀಪ ಉರಿದದ್ದು ನೋಡಿ, ನಾವಿಬ್ಬರೂ ನೆಂಟರ ಮದುವೆಗೆ ಹೋದೆವು. ಎರಡು ದಿನ ಬಿಟ್ಟು ಬಂದಾಗ ಬೇಲಿ ಕಡೆಯ ಆರು ಸಾಲು ತೆನೆ ಬರೀ ಹೊಟ್ಟು. "ನಿಮ್ಮ ಮೈಕು ಬಾಯೇ ಬಿಟ್ಟಿಲ್ಲ" ಅಂದಳು ಇವಳು.

ಹುಡುಗ ಬಂದು ನೋಡಿ ನಕ್ಕ. "ಮಾವ, ಅವತ್ತು ಕೂಗಿದ್ದು ಹಾರನ್ನಲ್ಲ, ಟಿ.ವಿ.!" ಸದ್ದು ಟಿ.ವಿ. ತಂತಿಯಲ್ಲೇ ಹೋಗಲಿ ಅಂತ ಇಟ್ಟಿದ್ದು ಹಾಗೇ ಉಳಿದಿತ್ತು. ಹೊಲದಲ್ಲಿ ಟಿ.ವಿ. ಎಲ್ಲಿಂದ ಬರಬೇಕು? ತಪ್ಪು ನನ್ನದೇ. ಹಾರನ್ನಿಗೆ ಕಿವಿ ಕೊಟ್ಟು ಕೇಳಲೇ ಇಲ್ಲ.

ಅಂದಿನಿಂದ ಒಂದೊಂದೇ ಬಿಡಿಸಿ ನೋಡುವ ರೂಢಿ ಮಾಡಿಕೊಂಡೆ. ಮೊದಲು ಹಾರನ್ನು ಒಂದನ್ನೇ ತಗೊಳ್ಳಿ. ಒಂದೂವರೆ ವೋಲ್ಟಿನ ಬ್ಯಾಟರಿ ಸೆಲ್ಲಿನ ಎರಡು ತುದಿಗೆ ಅದರ ತಂತಿ ಕ್ಷಣ ಮಾತ್ರ ತಾಗಿಸಿ. ಟಕ್ ಅಂದರೆ ಜೀವ ಇದೆ. ಆಮೇಲೆ ಹಾರನ್ನನ್ನು ಆಂಪ್ಲಿಫೈಯರಿಗೆ ಜೋಡಿಸಿ. ನಾನು ಹಾಕಿದ್ದು ಆಟೋದಲ್ಲಿ ಹಾಡು ಕೇಳಲು ಇಡುವ 12 ವೋಲ್ಟಿನದ್ದು. ಬೋರ್ಡಿಗೆ ಹಾಕಬೇಕಾದ ತಂತಿಯನ್ನು ಮೊದಲು ಮೊಬೈಲಿಗೆ ಹಾಕಿ ಹಾಡು ಬಿಡಿ. ಹಾಡಿದರೆ ತಂತಿ, ಆಂಪ್ಲಿಫೈಯರ್, ಹಾರನ್ನು ಮೂರೂ ಸರಿ, ದೋಷ ಬೋರ್ಡಿನ ಕಡೆ. ಹಾರನ್ನನ್ನು ನೇರ ಬೋರ್ಡಿಗೆ ಜೋಡಿಸಬೇಡಿ. ಅಲ್ಲಿ ಬರುವ ಸದ್ದು ಕಿವಿಗೆ ಇಟ್ಟುಕೊಳ್ಳುವ ಇಯರ್‌ಫೋನಿಗೆ ಸಾಕಾಗುವಷ್ಟೆ. ಮತ್ತೆ ಆಂಪ್ಲಿಫೈಯರಿಗೆ 12 ವೋಲ್ಟು, ಬೋರ್ಡಿಗೆ 5 ವೋಲ್ಟು. ಅದಲು ಬದಲಾದರೆ ಬೋರ್ಡು ಸತ್ತೇ ಹೋಗ್ತದೆ.

ಬೋರ್ಡು ಕೊಳ್ಳುವಾಗ ಒಂದು ಗಮನಿಸಿ. 3ಬಿ, 4ಬಿ ಮಾದರಿಯಲ್ಲಿ ಇಯರ್‌ಫೋನ್ ತೂತು ಉಂಟು. 5ನೆಯದರಲ್ಲೂ ಝೀರೋ ಅನ್ನುವ ಚಿಕ್ಕದರಲ್ಲೂ ಇಲ್ಲ. ಅವಕ್ಕೆ ಯುಎಸ್‌ಬಿಗೆ ಸಿಕ್ಕಿಸುವ ಸೌಂಡ್ ಕಾರ್ಡು ಬೇರೆ ಬೇಕು.

ಇನ್ನು ಬೋರ್ಡಿನ ಪರೀಕ್ಷೆ. ಕೀಲಿಮಣೆಯಲ್ಲಿ 'ಎಪ್ಲೇ', ಜಾಗ ಬಿಟ್ಟು ಅಡ್ಡಗೆರೆ ಎಲ್ ಅಂತ ಒತ್ತಿದರೆ ಸದ್ದು ಹೋಗುವ ದಾರಿಗಳ ಪಟ್ಟಿ ಬರ್ತದೆ. ಎಚ್‌ಡಿಎಂಐ ಅಂದರೆ ಟಿ.ವಿ., ಹೆಡ್‌ಫೋನ್ಸ್ ಅಂದರೆ ನಮ್ಮ ತೂತು. ಯಾವುದು ಬೇಕೋ ಅದನ್ನು 'ರಾಸ್ಪಿ-ಕಾನ್ಫಿಗ್' ಒಳಗೆ ಆರಿಸಬೇಕು. 'ಆಲ್ಸಾಮಿಕ್ಸರ್' ಎಂಬುದರಲ್ಲಿ ಕಂಬದ ಕೆಳಗೆ ಎಂಎಂ ಅಂತ ಕಂಡರೆ ಬಾಯಿ ಕಟ್ಟಿದೆ ಅಂತ ಅರ್ಥ. ಎಂ ಒತ್ತಿದರೆ ಬಿಡಿಸ್ತದೆ. ಕೊನೆಗೆ 'ಸ್ಪೀಕರ್-ಟೆಸ್ಟ್' ಒತ್ತಿ. ಹಂಚಿನ ಮೇಲೆ ಮಳೆ ಸುರಿದ ಹಾಗೆ ಶ್ರೋ ಅನ್ನಬೇಕು. ನಿಲ್ಲಿಸಲು ಕಂಟ್ರೋಲ್ ಜೊತೆ ಸಿ. ಈ ಪರೀಕ್ಷೆ ಮಾಡುವಾಗ ಟಿ.ವಿ.ಯ ಸದ್ದು ಪೂರ್ತಿ ತಗ್ಗಿಸಿ.

ಇಷ್ಟಾದ ಮೇಲೂ ಇನ್ನೊಂದು ತೊಡಕು ಬಂತು. ಬ್ಯಾಟರಿ ಉಳಿಯಲಿ ಅಂತ ಸಂಜೆ ಆರೂವರೆಗೆ ಆರಿಸಿ ಬೆಳಿಗ್ಗೆ ಐದೂವರೆಗೆ ಹಾಕ್ತಿದ್ದೆ. ಒಂದು ದಿನ ಬೆಳಿಗ್ಗೆ ಕೂಗುತ್ತೆ, ಇನ್ನೊಂದು ದಿನ ಮೂಗ. ವಿಷಯ ಏನಪ್ಪಾ ಅಂದರೆ ಈ ಬೋರ್ಡುಗಳಲ್ಲಿ ತಾನೇ ನಡೆಯುವ ಗಡಿಯಾರ ಇಲ್ಲ. ಮನೇಲಿ ಮೊಬೈಲ್ ನೆಟ್ಟಿನಿಂದ ಹೊತ್ತು ತಿಳಕೊಳ್ತಿತ್ತು. ಹೊಲದಲ್ಲಿ ನೆಟ್ ಇಲ್ಲ, ಹಾಗಾಗಿ ಆರಿಸಿದ ಹೊತ್ತಿನಿಂದಲೇ ಎಣಿಕೆ ಶುರು. ಬೆಳಗಿನ ಐದೂವರೆ ಅದಕ್ಕೆ ಸಂಜೆ ಆರೂವರೆ! ಗುಂಡಿ ಸೆಲ್ ಹಾಕುವ ಡಿಎಸ್3231 ಎಂಬ ಗಡಿಯಾರದ ಚೂರು ಸಿಕ್ಕಿಸಿದ ಮೇಲೆ ಹಾದಿಗೆ ಬಂತು. 5ನೆಯ ಮಾದರಿಯಲ್ಲಿ ಗಡಿಯಾರ ಒಳಗೇ ಇದೆ, ಅದರ ಸೆಲ್ ಮಾತ್ರ ಬೇರೆ ಕೊಳ್ಳಬೇಕು. ಆರಿಸುವಾಗ ತಂತಿ ಕೀಳಬಾರದು, ಕಾರ್ಡು ಕೆಡ್ತದೆ. ಆರಿಸಲೂ ಹುಡುಗ ಒಂದು ಗುಂಡಿ ಇಟ್ಟುಕೊಟ್ಟಿದ್ದಾನೆ.

ಗಿಳಿಗಳೇನು ದಡ್ಡವಲ್ಲ. ಒಂದೇ ಕೂಗನ್ನು ಒಂದೇ ಕಡೆಯಿಂದ ನಾಲ್ಕೈದು ದಿನ ಕೇಳಿದರೆ ಹಾರನ್ನಿನ ಮೇಲೇ ಕೂರ್ತವೆ. ಹಾಗಾಗಿ ಎರಡು ದಿನಕ್ಕೊಮ್ಮೆ ಕಂಬ ಬದಲಿಸ್ತೇನೆ, ಕೂಗುಗಳನ್ನು ಹಿಂದುಮುಂದು ಮಾಡ್ತೇನೆ, ನಡುನಡುವೆ ನಾವೂ ಡಬ್ಬ ಬಡೀತೇವೆ. ಉಳಿದ ತೆನೆ ಕೈಗೆ ಬಂತು. ಕೊಯ್ಲಾದ ಮೇಲೆ ಹಾರನ್ನಿನ ಬಾಯಿಗೆ ಬಟ್ಟೆ ಕಟ್ಟಿಡಿ. ನಾನು ಮರೆತಿದ್ದೆ, ಕಣಜ ಒಳಗೆ ಮಣ್ಣಿನ ಗೂಡು ಕಟ್ಟಿಬಿಟ್ಟಿದೆ.