ಮಳೆಗಿಂತ ಮೊದಲು ಕರೆಂಟು: ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಕನ್ನಡ ಮನೆಗಳ ಚಳಿಗಾಲದ ಸಿದ್ಧತೆ

ಅಮೆರಿಕದ ಚಳಿಗಾಲದ ಬಿರುಗಾಳಿ ಎಂದೊಡನೆ ಹಿಮದ ರಾಶಿ ಕಣ್ಣಮುಂದೆ ಬರುವುದು ಸಹಜವಾದರೂ, ಸ್ಯಾನ್ ಬ್ರೂನೋ ಬೆಟ್ಟದ ತಪ್ಪಲಿನಿಂದ ಕೊಲ್ಲಿಯ ದಂಡೆಯವರೆಗೆ ಹರಡಿರುವ ಸೌತ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅದು ಮಳೆಗಾಳಿಯಾಗಿಯೇ ಬರುತ್ತದೆ. ಇಲ್ಲಿನ ಬೇಸಿಗೆ ಒಣಗಿರುತ್ತದೆ. ವರ್ಷದ ಮಳೆಯ ಬಹುಪಾಲು ನವೆಂಬರಿನಿಂದ ಮಾರ್ಚ್‌ವರೆಗೆ ಬೀಳುತ್ತದೆ, ಅದರಲ್ಲಿಯೂ ದೊಡ್ಡ ಪಾಲನ್ನು ಕೆಲವೇ ಬಿರುಮಳೆಗಳು ತರುತ್ತವೆ. ಇವುಗಳ ಮೂಲ ‘ಅಟ್ಮಾಸ್ಫಿಯರಿಕ್ ರಿವರ್’, ಅಂದರೆ ಪೆಸಿಫಿಕ್ ಸಾಗರದ ತೇವಾಂಶವನ್ನು ಹೊತ್ತು ಉದ್ದವಾದ, ಕಿರಿದಾದ ಪಟ್ಟಿಯಾಗಿ ಸಾಗಿಬಂದು, ಕರಾವಳಿಯ ಗುಡ್ಡಗಳಿಗೆ ತಾಗಿ ಮೇಲೇರಿ ತಣಿದು ಮಳೆ ಸುರಿಸುವ ಗಾಳಿಯ ಹರಿವು. ಇದರ ತೀವ್ರತೆಯನ್ನು ಅಳೆಯಲು 2019ರಲ್ಲಿ ವಿಜ್ಞಾನಿಗಳು 1ರಿಂದ 5ರವರೆಗಿನ ಮಾಪಕವೊಂದನ್ನು ರೂಪಿಸಿದ್ದಾರೆ. ಅದರಲ್ಲಿ 1 ಎಂದರೆ ಬಹುಮಟ್ಟಿಗೆ ಉಪಕಾರದ ಮಳೆ, 5 ಎಂದರೆ ಬಹುಮಟ್ಟಿಗೆ ಅಪಾಯದ ಮಳೆ.

2022ರ ಡಿಸೆಂಬರ್ 26ರಿಂದ 2023ರ ಜನವರಿ 17ರವರೆಗೆ ಇಂತಹ 9 ಹರಿವುಗಳು ಕ್ಯಾಲಿಫೋರ್ನಿಯಾವನ್ನು ಒಂದರ ಹಿಂದೊಂದು ಅಪ್ಪಳಿಸಿದವು. ಡಿಸೆಂಬರ್ 31ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ 5.46 ಅಂಗುಲ, ಅಂದರೆ ಸುಮಾರು 139 ಮಿಲಿಮೀಟರ್ ಮಳೆ ಬಿದ್ದು, 1849ರಿಂದ ಇರುವ ದಾಖಲೆಗಳಲ್ಲಿ ಎರಡನೆಯ ಅತಿ ಹೆಚ್ಚು ಮಳೆಯ ದಿನವಾಯಿತು. ಸೌತ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 101ನೇ ಹೆದ್ದಾರಿಯನ್ನೇ ಮುಚ್ಚಬೇಕಾಯಿತು. ಆಗುಂಬೆಯ ಆಷಾಢವನ್ನು ಕಂಡವರಿಗೆ ಈ ಅಂಕಿ ದೊಡ್ಡದೆನಿಸದಿರಬಹುದು, ಮಲೆನಾಡಿನಿಂದ ಬಂದವರು ಇಲ್ಲಿನ ಎಚ್ಚರಿಕೆಗಳನ್ನು ಹಗುರವಾಗಿ ಕಾಣುವುದಕ್ಕೆ ಇದೂ ಒಂದು ಕಾರಣ. ಆದರೆ ಈ ನಗರದ ನಡುವೆ ಹಾದುಹೋಗುವ ಕೋಲ್ಮಾ ತೊರೆ ಕಾಂಕ್ರೀಟ್ ಕಾಲುವೆಯಲ್ಲಿ ಹರಿದು ಕೊಲ್ಲಿಯನ್ನು ಸೇರುವುದರಿಂದ, ಸಮುದ್ರದ ಭರತ ಏರಿದ ಹೊತ್ತಿನಲ್ಲಿ ಮಳೆ ಜೋರಾದರೆ ನೀರಿಗೆ ಹೋಗಲು ದಾರಿಯಿಲ್ಲದೆ ತಗ್ಗಿನ ಬೀದಿಗಳಿಗೆ ನುಗ್ಗುತ್ತದೆ. ನೆನೆದು ಸಡಿಲಗೊಂಡ ನೆಲದಲ್ಲಿ ಎತ್ತರದ ನೀಲಗಿರಿ ಮರಗಳು ಗಾಳಿಗೆ ಬುಡಸಹಿತ ಉರುಳಿ ವಿದ್ಯುತ್ ತಂತಿಗಳ ಮೇಲೆ ಬೀಳುತ್ತವೆ.

ಆದುದರಿಂದ ಹೆಚ್ಚಿನ ಮನೆಗಳಿಗೆ ಬಿರುಮಳೆ ಮೊದಲು ತಟ್ಟುವುದು ನೀರಾಗಿ ಅಲ್ಲ, ಕರೆಂಟು ಹೋಗುವುದರ ಮೂಲಕ. ಸಿದ್ಧತೆಯನ್ನು ಅಲ್ಲಿಂದಲೇ ಆರಂಭಿಸಬೇಕೆಂಬುದು ಈ ಸಾಲುಗಳನ್ನು ಬರೆದವರ ಮನೆಯೂ ಸೇರಿದಂತೆ ಇಲ್ಲಿನ ಅನೇಕ ಕನ್ನಡ ಮನೆಗಳು ಆ ಚಳಿಗಾಲದಲ್ಲಿ ಕಂಡುಕೊಂಡ ಸಂಗತಿ. ಊರಿನಲ್ಲಿ ಕರೆಂಟು ಹೋದರೆ ಅಡುಗೆ ನಿಲ್ಲದು, ಇಲ್ಲಿ ನಿಲ್ಲುತ್ತದೆ: ಎಲೆಕ್ಟ್ರಿಕ್ ಒಲೆ, ರೈಸ್ ಕುಕ್ಕರ್, ಮಿಕ್ಸಿ ಎಲ್ಲವೂ ಒಮ್ಮೆಗೇ ಮೂಲೆ ಸೇರುತ್ತವೆ. ಗ್ಯಾಸ್ ಒಲೆಯಿದ್ದರೂ ಅದನ್ನು ಹೊತ್ತಿಸುವ ಕಿಡಿ ಕರೆಂಟಿನದು. ಹೆಚ್ಚಿನ ಒಲೆಗಳ ಬರ್ನರನ್ನು ಬೆಂಕಿಕಡ್ಡಿಯಿಂದ ಹೊತ್ತಿಸಬಹುದಾದರೂ, ಆ ಕಡ್ಡಿಪೆಟ್ಟಿಗೆ ದೇವರ ಗೂಡಿನಲ್ಲಿ ಬಿಟ್ಟರೆ ಮನೆಯಲ್ಲಿ ಬೇರೆಲ್ಲಿಯೂ ಸಿಗುವುದಿಲ್ಲ. ಒಲೆಯೇ ಬೇಡದ ಆಹಾರದಲ್ಲಿ ಅವಲಕ್ಕಿಗೆ ಸಮನಾದುದು ಇಲ್ಲ: ತೆಳು ಅವಲಕ್ಕಿಗೆ ಚಟ್ನಿಪುಡಿ, ಎಣ್ಣೆ, ಹುರಿದ ಶೇಂಗಾ ಕಲಸಿದರೆ ಮಕ್ಕಳೂ ತಿನ್ನುತ್ತಾರೆ, ಹುರಿಹಿಟ್ಟು, ಖರ್ಜೂರ, ಚಕ್ಕುಲಿ, ಬಾಳೆಹಣ್ಣು ಜೊತೆಗಿದ್ದರೆ ಎರಡು ದಿನ ಕಷ್ಟವಿಲ್ಲದೆ ಕಳೆಯುತ್ತವೆ. ಫ್ರಿಜ್ಜಿನ ಬಾಗಿಲನ್ನು ತೆರೆಯದಿದ್ದರೆ ಒಳಗಿನ ತಂಪು ಸುಮಾರು 4 ಗಂಟೆ, ತುಂಬಿದ ಫ್ರೀಜರಿನ ತಂಪು ಸುಮಾರು 48 ಗಂಟೆ, ಅರ್ಧ ತುಂಬಿದ್ದರೆ 24 ಗಂಟೆ ಉಳಿಯುತ್ತದೆ; ಆ ಅವಧಿ ದಾಟಿ ಬೆಚ್ಚಗಾದ ಹಾಲು, ಸಾರು, ಪಲ್ಯಗಳನ್ನು ರುಚಿ ನೋಡಿ ತೀರ್ಮಾನಿಸದೆ ಚೆಲ್ಲಬೇಕು, ಅನ್ನವನ್ನು ಚೆಲ್ಲಬಾರದೆಂಬ ಸಂಸ್ಕಾರ ಇಲ್ಲಿ ಸ್ವಲ್ಪ ಬದಿಗೆ ಸರಿಯಬೇಕಾಗುತ್ತದೆ. ಕುಡಿಯುವ ನೀರಿಗೆ ತಲೆಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ ಸುಮಾರು 3.8 ಲೀಟರ್, ಎಂಬ ಲೆಕ್ಕವಿದೆ. ಭೂಕಂಪದ ಭಯದಿಂದ ಹಲವು ಮನೆಗಳು ಮೊದಲೇ ಕಟ್ಟಿಟ್ಟಿರುವ ಪೆಟ್ಟಿಗೆಯೇ ಇದಕ್ಕೂ ಸಾಕು, ಟಾರ್ಚಿನ ಬ್ಯಾಟರಿಗಳು ಸತ್ತಿರದಿದ್ದರೆ.

ಇದಕ್ಕಿಂತ ಮುಖ್ಯವಾದ, ಆದರೆ ಸರ್ಕಾರಿ ಪಟ್ಟಿಗಳಲ್ಲಿ ಕಾಣದ ಸಂಗತಿ ಊರಿನಿಂದ ಬಂದು ಕೆಲವು ತಿಂಗಳು ಇರುವ ತಂದೆತಾಯಂದಿರದು. ಮಗ, ಸೊಸೆ ಕೆಲಸಕ್ಕೆ ಹೋದ ಹಗಲಿನಲ್ಲಿ ಕರೆಂಟು ಹೋದರೆ ಹೀಟರ್, ಟಿವಿ, ವೈಫೈ ಒಟ್ಟಿಗೆ ನಿಂತು, ವೈಫೈಯನ್ನೇ ನಂಬಿದ ಫೋನೂ ಮೂಕವಾಗುತ್ತದೆ. ಆದ್ದರಿಂದ ಅವರಿಗೆ ಸ್ಥಳೀಯ ಸಿಮ್ ಇರುವ ಫೋನ್ ಕೊಡುವುದು, ಮನೆಯ ವಿಳಾಸವನ್ನೂ ತುರ್ತು ಸಂಖ್ಯೆ 911ನ್ನೂ ಪಕ್ಕದ ಮನೆಯವರ ಸಂಖ್ಯೆಯನ್ನೂ ಕನ್ನಡದಲ್ಲಿ ದೊಡ್ಡಕ್ಷರಗಳಲ್ಲಿ ಬರೆದು ಗೋಡೆಗೆ ಅಂಟಿಸುವುದು, ಬಿಪಿ ಮಾತ್ರೆ ಮತ್ತು ಇನ್ಸುಲಿನ್ ಎರಡು ವಾರಕ್ಕೆ ಸಾಲುವಷ್ಟಿವೆಯೇ ಎಂದು ನೋಡುವುದು ಮಳೆ ಬರುವ ಮೊದಲಿನ ಕೆಲಸಗಳು. ಚಳಿಯೆಂದು ಇದ್ದಿಲ ಒಲೆಯನ್ನು ಮನೆಯೊಳಗೆ ಹಚ್ಚಬಾರದು, ಗ್ಯಾಸ್ ಒಲೆಯಿಂದ ಕೋಣೆ ಕಾಯಿಸಬಾರದು, ಜನರೇಟರನ್ನು ಗ್ಯಾರೇಜಿನಲ್ಲಿ ಓಡಿಸದೆ ಮನೆಯಿಂದ ಕನಿಷ್ಠ 20 ಅಡಿ ದೂರದಲ್ಲಿಡಬೇಕು ಎಂಬುದನ್ನು ಅವರಿಗೆ ಕಾರಣ ಸಹಿತ ತಿಳಿಸಬೇಕು. ಇವುಗಳಿಂದ ಹೊಮ್ಮುವ ಕಾರ್ಬನ್ ಮೊನಾಕ್ಸೈಡ್ ಬಣ್ಣವಿಲ್ಲದ, ವಾಸನೆಯಿಲ್ಲದ ವಿಷಾನಿಲ, ಅದು ತುಂಬಿದ್ದು ಉಸಿರಾಡುವವರಿಗೆ ತಿಳಿಯುವುದೇ ಇಲ್ಲ. ಚಳಿಗಾಲದಲ್ಲಿ ಕರ್ನಾಟಕದ ಗಡಿಯಾರ ಇಲ್ಲಿಗಿಂತ 13 ಗಂಟೆ 30 ನಿಮಿಷ ಮುಂದಿರುವುದರಿಂದ, ಇಲ್ಲಿ ನಡುಹಗಲಾದಾಗ ಅಲ್ಲಿ ನಡುರಾತ್ರಿ ಕಳೆದಿರುತ್ತದೆ. ಊರಿನವರಿಗೆ ವಿಡಿಯೋ ಕರೆಯ ಬದಲು ಒಂದು ಸಾಲಿನ ಸಂದೇಶ ಕಳುಹಿಸಿದರೆ ಬ್ಯಾಟರಿಯೂ ಉಳಿಯುತ್ತದೆ, ಅವರ ನಿದ್ದೆಯೂ ಕೆಡುವುದಿಲ್ಲ.

ಗ್ಯಾರೇಜಿನ ಬಾಗಿಲೂ ಕರೆಂಟಿನದೇ. 2019ರ ಜುಲೈ ನಂತರ ಕ್ಯಾಲಿಫೋರ್ನಿಯಾದಲ್ಲಿ ಮಾರುವ ಬಾಗಿಲು ತೆರೆಯುವ ಯಂತ್ರಗಳಲ್ಲಿ ಬ್ಯಾಟರಿ ಕಡ್ಡಾಯವಾದರೂ ಹಳೆಯ ಯಂತ್ರಗಳಲ್ಲಿ ಅದು ಇರುವುದಿಲ್ಲ. ಕೆಂಪು ಹಿಡಿಯನ್ನು ಎಳೆದು ಬಾಗಿಲನ್ನು ಕೈಯಿಂದ ಎತ್ತುವುದನ್ನು ಮನೆಯ ಹಿರಿಯರೆಲ್ಲರೂ ಬೆಳಕಿರುವಾಗಲೇ ಒಮ್ಮೆ ಮಾಡಿ ನೋಡಬೇಕು. ಹಾಗೆಂದು ಕಾರು ಹೊರತೆಗೆಯಲು ಆತುರವೂ ಬೇಡ: ಹರಿಯುವ ನೀರು 12 ಅಂಗುಲವಿದ್ದರೆ ಸಣ್ಣ ಕಾರನ್ನು, 2 ಅಡಿಯಿದ್ದರೆ ಹೆಚ್ಚಿನ ವಾಹನಗಳನ್ನು ಕೊಂಡೊಯ್ಯಬಲ್ಲದು. ಈ ನಗರವಿರುವ ಸ್ಯಾನ್ ಮಟೇಯೋ ಕೌಂಟಿಯ ‘ಎಸ್‌ಎಂಸಿ ಅಲರ್ಟ್’ ಸೇವೆಗೆ ಹೆಸರು ನೋಂದಾಯಿಸಿದರೆ ತುರ್ತು ಎಚ್ಚರಿಕೆಗಳು ಫೋನಿಗೇ ಬರುತ್ತವೆ.

ಇನ್ನು ವಿಮೆ. ಸಾಮಾನ್ಯ ಗೃಹವಿಮೆ ಹೊರಗಿನಿಂದ ಏರಿಬಂದ ನೆರೆನೀರಿನ ಹಾನಿಯನ್ನು ತುಂಬಿಕೊಡುವುದಿಲ್ಲ. ಅದಕ್ಕೆ ಪ್ರತ್ಯೇಕ ಪ್ರವಾಹ ವಿಮೆ ಬೇಕು, ಬಾಡಿಗೆಯಲ್ಲಿರುವವರೂ ತಮ್ಮ ಸಾಮಾನುಗಳಿಗೆ ಅದನ್ನು ಪಡೆಯಬಹುದು. ಅಮೆರಿಕದ ಕೇಂದ್ರ ಸರ್ಕಾರದ ರಾಷ್ಟ್ರೀಯ ಪ್ರವಾಹ ವಿಮಾ ಯೋಜನೆಯ ಪಾಲಿಸಿ ಸಾಮಾನ್ಯವಾಗಿ ಕೊಂಡ 30 ದಿನಗಳ ನಂತರವೇ ಜಾರಿಗೆ ಬರುವುದರಿಂದ, ತಗ್ಗಿನಲ್ಲಿ ಮನೆಯಿರುವವರು ಅದನ್ನು ದಸರೆಯ ಹೊತ್ತಿಗಾಗಲೇ ಕೊಂಡಿರಬೇಕು.