ಮನೆಯಲ್ಲಿರುವ ಸರ್ವರ್



ನಮ್ಮ ಶಾಲೆಯ ಹಳೆಯ ಭಾವಚಿತ್ರಗಳನ್ನು ಸ್ವಂತ ವೆಬ್‌ಸೈಟಿನಲ್ಲಿಟ್ಟು, ಅದರ ಸರ್ವರನ್ನು ರಾಜಾಜಿನಗರದ ತನ್ನ ಮನೆಯಲ್ಲಿಯೇ ಕಟ್ಟಬಹುದೋ ಎಂದು ಪೂರ್ವವಿದ್ಯಾರ್ಥಿನಿಯೊಬ್ಬಳು ಕೇಳಿರುವಳು. ಕಟ್ಟಬಹುದು. ಪರರ ಆಶ್ರಯವು ಶಾಶ್ವತವಲ್ಲ. ಯಾಹೂ ಕಂಪೆನಿಯವರು 2009ರಲ್ಲಿ ಜಿಯೋಸಿಟೀಸನ್ನು ಮುಚ್ಚಿದಾಗ ಲಕ್ಷಾಂತರ ಜನರ ಪುಟಗಳು ನೆಲೆ ತಪ್ಪಿದವು.

ಸರ್ವರೆಂದರೆ ಬೇಡಿದವರಿಗೆ ಪುಟವನ್ನು ಕೊಡುವದಕ್ಕೋಸ್ಕರ ಹಗಲಿರುಳು ಎಚ್ಚರವಾಗಿರತಕ್ಕ ಗಣಕಯಂತ್ರ. ಅಂಗೈಯಗಲದ ರಾಸ್ಪ್‌ಬೆರಿ ಪೈ ಸಾಕು. ಮೂಲೆಗಿಟ್ಟ ಲ್ಯಾಪ್‌ಟಾಪಾದರೂ ಆದೀತು. ಲಿನಕ್ಸ್ ಕ್ರಯವಿಲ್ಲದೆ ದೊರೆಯುವದು. ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀಯವರು 1990ರಲ್ಲಿ ನಡೆಸಿದ ಮೊದಲನೆಯ ವೆಬ್ ಸರ್ವರಿನ ಮೇಲೆ, ಇದನ್ನು ಆರಿಸಬೇಡಿರೆಂದು ಕೆಂಪು ಶಾಯಿಯಿಂದ ಬರೆದ ಚೀಟಿಯು ಅಂಟಿಸಲ್ಪಟ್ಟಿತ್ತು. ನಮ್ಮ ಮನೆಗಳಲ್ಲಿ ಚೀಟಿಯನ್ನು ಓದದೆ ಸ್ವಿಚ್ಚು ಆರಿಸುವವರೇ ಬಹಳ! ವಿದ್ಯುತ್ತು ನಿಲ್ಲುವದೂ ಉಂಟಾದಕಾರಣ ಯುಪಿಎಸ್ ಅವಶ್ಯ.

ಕಷ್ಟವಿರುವದು ವಿಳಾಸದಲ್ಲಿ. ಮನೆಯ ಇಂಟರ್‌ನೆಟ್ ವಿಳಾಸವು ಆಗಾಗ್ಗೆ ಬದಲಾಗುವದು. ಕೆಲವು ಕಂಪೆನಿಗಳು ಅನೇಕ ಮನೆಗಳಿಗೆ ಒಂದೇ ಹೊರವಿಳಾಸವನ್ನು ಹಂಚುವದರಿಂದ, ಹೊರಗಿನವರು ಕದ ತಟ್ಟಿದರೂ ನಮ್ಮ ಯಂತ್ರಕ್ಕೆ ಕೇಳಿಸದು. ಮೊದಲು ಸ್ಥಿರವಿಳಾಸವನ್ನು ಕೇಳಿ ಪಡೆಯಿರಿ. ತೆರೆದ ಬಾಗಿಲಿಗೆ ಕಳ್ಳರೂ ಬರುವರು. ತಂತ್ರಾಂಶವನ್ನು ಕಾಲಕಾಲಕ್ಕೆ ನವೀಕರಿಸತಕ್ಕದ್ದು.

ಮನೆಯ ಡಿಸ್ಕು ಕೆಟ್ಟರೆ ಚಿತ್ರಗಳೂ ಹೋದವು. ಆದದರಿಂದ ಎರಡನೆಯ ಪ್ರತಿಯೊಂದು ಬೇರೆ ಮನೆಯಲ್ಲಿರಬೇಕು. ಕೆಂಗೇರಿಯಲ್ಲಾಗಲಿ ವಿಜಯನಗರದಲ್ಲಾಗಲಿ ಅದನ್ನು ಇಟ್ಟುಕೊಳ್ಳಲು ಒಪ್ಪುವವರು ದಯಮಾಡಿ ನನಗೆ ತಿಳಿಸಿರಿ.